ಕನ್ನಡ ಮಾಧ್ಯಮದ ತರಗತಿಯಲ್ಲಿ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್: ಕಾಸರಗೋಡಿನ ಅಧ್ಯಾಪಕರಿಗೊಂದು ಕೈಪಿಡಿ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುವ ನಮಗೆ ಯಂತ್ರಗಳ ಕೊರತೆ ಅಷ್ಟಾಗಿ ಇಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಲ್ಲಿ ರಾಜ್ಯದ 45,000 ಹೈಸ್ಕೂಲು ಮತ್ತು ಹೈಯರ್ ಸೆಕೆಂಡರಿ ತರಗತಿ ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಒದಗಿಸುವ ಕೆಲಸ ನಡೆಯಿತು. ಗಡಿನಾಡಿನ ಕನ್ನಡ ಶಾಲೆಗಳಿಗೂ ಅದರ ಪಾಲು ಬಂದಿದೆ. ಆದರೆ ಪರದೆ ಬೆಳಗಿದ ಮೇಲೆ ಅದರಲ್ಲಿ ಏನನ್ನು ತೋರಿಸಬೇಕು ಎಂಬ ಪ್ರಶ್ನೆ ಬಂದಾಗ ಸಿಗುವ ಸಾಮಗ್ರಿಯಲ್ಲಿ ಹೆಚ್ಚಿನದು ಮಲಯಾಳದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ ಇರುತ್ತದೆ. ಕರ್ನಾಟಕದಲ್ಲಿ ತಯಾರಾದ ಕನ್ನಡದ ವೀಡಿಯೊಗಳು ಸಾಕಷ್ಟಿವೆಯಾದರೂ ಅವು ಅಲ್ಲಿನ ಪಠ್ಯಕ್ರಮವನ್ನು ಅನುಸರಿಸುವುದರಿಂದ ನಮ್ಮ ಪಾಠದ ಕ್ರಮಕ್ಕೂ ಪಾರಿಭಾಷಿಕ ಪದಗಳಿಗೂ ಪೂರ್ತಿ ಹೊಂದುವುದಿಲ್ಲ. ಆದ್ದರಿಂದ ಇಲ್ಲಿನ ಅಧ್ಯಾಪಕರು ಸಿದ್ಧ ಸಾಮಗ್ರಿಗಾಗಿ ಕಾಯದೆ, ಪಾಠದ ಒಂದು ಕಗ್ಗಂಟಿಗೆ ಒಂದು ಸಣ್ಣ ಸಾಧನವನ್ನು ತಾವೇ ಅಣಿಗೊಳಿಸಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಮಾಡುವ ಬಗೆಯನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಕಗ್ಗಂಟನ್ನು ಗುರುತಿಸಿ

ಕೆಲವು ವರ್ಷಗಳ ಹಿಂದೆ ಜೀರ್ಣಾಂಗಗಳ ಪಾಠಕ್ಕಾಗಿ ಎರಡು ರಾತ್ರಿ ಕುಳಿತು ನಲವತ್ತಕ್ಕೂ ಹೆಚ್ಚು ಸ್ಲೈಡುಗಳನ್ನು ತಯಾರಿಸಿದ್ದೆ. ಚಿತ್ರಗಳು ಚಲಿಸುತ್ತಿದ್ದವು, ಬಣ್ಣಗಳಿದ್ದವು, ಮಕ್ಕಳು ಗದ್ದಲವಿಲ್ಲದೆ ನೋಡಿದರು. ಮರುದಿನ ಒಂದು ಹಾಳೆಯಲ್ಲಿ ಆಹಾರ ಸಾಗುವ ದಾರಿಯನ್ನು ಬರೆಯಿರಿ ಎಂದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಜಠರದ ಬಳಿಕ ದೊಡ್ಡ ಕರುಳನ್ನೇ ಬರೆದಿದ್ದರು. ಅವರು ಮೌನವಾಗಿದ್ದುದನ್ನು ನಾನು ಕಲಿಕೆ ಎಂದು ತಿಳಿದದ್ದೇ ತಪ್ಪಾಗಿತ್ತು. ಆ ಪಾಠದಲ್ಲಿ ಮಕ್ಕಳು ತೊಡಕಿಗೆ ಸಿಲುಕುವುದು ಒಂದೇ ಕಡೆ, ಜೀರ್ಣಕ್ರಿಯೆಯ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲಿ ನಡೆಯುತ್ತದೆ ಎಂಬಲ್ಲಿ. ಆ ಒಂದು ಸ್ಥಳಕ್ಕೆ ಐದು ನಿಮಿಷದ ಚಿತ್ರವಿದ್ದಿದ್ದರೆ ಸಾಕಾಗುತ್ತಿತ್ತು.

ಅಂದಿನಿಂದ ನಾನು ಅನುಸರಿಸುವ ಕ್ರಮ ಇದು. ಹಿಂದಿನ ವರ್ಷದ ಉತ್ತರ ಪತ್ರಿಕೆಗಳನ್ನು ಅಥವಾ ಮಕ್ಕಳ ನೋಟುಪುಸ್ತಕಗಳನ್ನು ತೆರೆದು, ಒಂದೇ ತಪ್ಪು ಹಲವರಲ್ಲಿ ಮರುಕಳಿಸಿರುವ ಸ್ಥಳವನ್ನು ಪಠ್ಯಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಒಂದು ಅಧ್ಯಾಯಕ್ಕೆ ಇಂತಹ ಗುರುತುಗಳು ಎರಡೋ ಮೂರೋ ಇರುತ್ತವೆ. ಆ ಗುರುತಿನ ಬಳಿ ಮಾತ್ರ ಕೇಳಿಕೊಳ್ಳಬೇಕು: ಇಲ್ಲಿ ಮಕ್ಕಳಿಗೆ ಕಾಣದೆ ಇರುವುದು ಏನು? ಕಣ್ಣಿಗೆ ಕಾಣದಷ್ಟು ಸಣ್ಣದೋ, ದೊಡ್ಡದೋ, ನಿಧಾನವೋ, ವೇಗವೋ ಆಗಿದ್ದರೆ ಪರದೆ ನೆರವಿಗೆ ಬರುತ್ತದೆ. ಮೊಳೆತ ಬೀಜವನ್ನು, ಎಲೆಯ ನರಗಳನ್ನು, ಮುರಕಲ್ಲಿನ ರಂಧ್ರಗಳನ್ನು ತೋರಿಸಲು ಪ್ರೊಜೆಕ್ಟರ್ ಬೇಡ. ಶಾಲೆಯ ಅಂಗಳಕ್ಕೆ ಹೋದರೆ ಸಾಕು.

ಉತ್ತರ ತೋರಿಸುವ ಮುನ್ನ ಊಹೆ ಬರೆಸಿ

ಗಣಿತದಿಂದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ, ಏಕೆಂದರೆ ಉಳಿದ ವಿಷಯಗಳಿಗೂ ಇದೇ ಹೆಜ್ಜೆಗಳು ಅನ್ವಯವಾಗುತ್ತವೆ. ಒಂದೇ ಪಾದದ ಮೇಲೆ, ಎರಡು ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ ಎಂಬ ತತ್ವವನ್ನು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಮನಸ್ಸಿನಲ್ಲಿ ಒಪ್ಪಿರುವುದಿಲ್ಲ. ಓರೆಯಾಗಿ ಬಹುದೂರ ಚಾಚಿದ ತ್ರಿಭುಜ ದೊಡ್ಡದಾಗಿಯೇ ಇರಬೇಕು ಎಂದು ಅವರ ಕಣ್ಣು ಹೇಳುತ್ತಿರುತ್ತದೆ.

ಶಾಲೆಯ ಲ್ಯಾಪ್‌ಟಾಪಿನಲ್ಲಿರುವ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನು ತೆರೆಯಿರಿ. ಎ ಮತ್ತು ಬಿ ಎಂಬ ಬಿಂದುಗಳನ್ನು ಸೇರಿಸುವ ರೇಖಾಖಂಡವನ್ನು ಎಳೆದು, ಅದರ ಮೇಲ್ಗಡೆ ಸಿ ಎಂಬ ಬಿಂದುವನ್ನು ಇಡಿ. ಸಮಾಂತರ ರೇಖೆಯ ಸಾಧನವನ್ನು ಆರಿಸಿ, ಸಿ ಬಿಂದುವನ್ನೂ ಎಬಿ ರೇಖಾಖಂಡವನ್ನೂ ಒತ್ತಿದರೆ ಸಿ ಮೂಲಕ ಎಬಿಗೆ ಸಮಾಂತರವಾದ ರೇಖೆ ಮೂಡುತ್ತದೆ. ಈಗ ಆ ರೇಖೆಯ ಮೇಲೆಯೇ ಡಿ ಎಂಬ ಇನ್ನೊಂದು ಬಿಂದುವನ್ನು ಇಡಿ. ರೇಖೆಯ ಮೇಲೆ ಇಟ್ಟ ಬಿಂದು ಎಳೆದಾಗ ಅದರ ಉದ್ದಕ್ಕೆ ಮಾತ್ರ ಜಾರುತ್ತದೆ, ಹೊರಗೆ ಹೋಗುವುದಿಲ್ಲ. ಬಹುಭುಜದ ಸಾಧನದಿಂದ ಎ, ಬಿ, ಡಿ ಮತ್ತು ಪುನಃ ಎ ಒತ್ತಿದರೆ ತ್ರಿಭುಜ ಸಿದ್ಧವಾಗುತ್ತದೆ. ಇಷ್ಟು ಕೆಲಸವನ್ನು ಹಿಂದಿನ ದಿನವೇ ಮುಗಿಸಿ ಫೈಲನ್ನು ಉಳಿಸಿಡಬೇಕು.

ತರಗತಿಯಲ್ಲಿ ವಿಸ್ತೀರ್ಣದ ಅಂಕಿಯನ್ನು ಮೊದಲು ತೋರಿಸಬಾರದು. ಡಿ ಬಿಂದುವನ್ನು ಬಲಕ್ಕೆ ದೂರ ಎಳೆದು ನಿಲ್ಲಿಸಿ, "ಈಗ ವಿಸ್ತೀರ್ಣ ಹೆಚ್ಚಾಯಿತೇ, ಕಡಿಮೆಯಾಯಿತೇ, ಮೊದಲಿನಷ್ಟೇ ಇದೆಯೇ, ಯಾಕೆ?" ಎಂದು ಕೇಳಿ, ಎಲ್ಲರೂ ನೋಟುಪುಸ್ತಕದಲ್ಲಿ ಒಂದು ವಾಕ್ಯ ಬರೆಯುವವರೆಗೆ ಕಾಯಬೇಕು. ಈ ಎರಡು ನಿಮಿಷಗಳ ಕಾಯುವಿಕೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ತನ್ನ ಊಹೆಯನ್ನು ಬರೆದಿಟ್ಟ ಮಗು ಮಾತ್ರ ಪರದೆಯ ಮೇಲಿನ ಉತ್ತರವನ್ನು ತನ್ನದೇ ಪ್ರಶ್ನೆಗೆ ಬಂದ ಉತ್ತರವೆಂದು ನೋಡುತ್ತದೆ. ಅನಂತರ ವಿಸ್ತೀರ್ಣದ ಸಾಧನದಿಂದ ಅಂಕಿಯನ್ನು ತಂದು, ಡಿ ಬಿಂದುವನ್ನು ಒಂದು ಮಗುವಿನ ಕೈಯಿಂದಲೇ ಎಳೆಸಿ. ತ್ರಿಭುಜ ಉದ್ದವಾಗುತ್ತಾ ಹೋದರೂ ಅಂಕಿ ಕದಲುವುದಿಲ್ಲ. ಅಷ್ಟಕ್ಕೇ ನಿಲ್ಲಿಸದೆ ದೂರ ಅಥವಾ ಉದ್ದದ ಸಾಧನದಿಂದ ಅದೇ ತ್ರಿಭುಜವನ್ನು ಒತ್ತಿ ಸುತ್ತಳತೆಯನ್ನೂ ತಂದರೆ, ಒಂದು ಅಂಕಿ ಸ್ಥಿರವಾಗಿರುವಾಗಲೇ ಇನ್ನೊಂದು ಏರುತ್ತಿರುವುದು ಕಾಣುತ್ತದೆ. ನನ್ನ ತರಗತಿಯಲ್ಲಿ ಅಡಿಕೆ ತೋಟದ ಮನೆಯ ಹುಡುಗನೊಬ್ಬ ಅದನ್ನು ನೋಡಿ, "ಟೀಚರ್, ಬೇಲಿ ಹಾಕ್ಲಿಕ್ಕೆ ಹೆಚ್ಚು ಬೇಕು, ಆದ್ರೆ ಜಾಗ ಅಷ್ಟೇ ಉಂಟು" ಎಂದ. ಆ ವಾಕ್ಯವನ್ನು ಕರಿಹಲಗೆಯ ಮೇಲೆ ಹಾಗೆಯೇ ಬರೆದೆ. ಪಠ್ಯಪುಸ್ತಕದ ವಾಕ್ಯ ಅದರ ಕೆಳಗೆ ಬಂತು.

ಪ್ರೊಜೆಕ್ಟರ್ ಇದ್ದಾಗ ಕರಿಹಲಗೆಯನ್ನು ಮರೆಯಬಾರದು. ಪರದೆಯ ಮೇಲಿನದು ಮುಂದಿನ ಚಿತ್ರ ಬಂದೊಡನೆ ಮಾಯವಾಗುತ್ತದೆ, ಹಲಗೆಯ ಮೇಲೆ ಬರೆದದ್ದು ಪಿರಿಯಡ್ ಮುಗಿಯುವವರೆಗೂ ನಿಲ್ಲುತ್ತದೆ. ಪರದೆಯನ್ನು ಹಲಗೆಯ ಮೇಲೆಯೇ ಇಳಿಬಿಟ್ಟಿರುವ ಕೊಠಡಿಗಳಲ್ಲಿ ಅದನ್ನು ಒಂದು ಬದಿಗೆ ಸರಿಸುವಂತೆ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ವಿಜ್ಞಾನಕ್ಕೆ, ಪ್ರಯೋಗಗಳನ್ನು ಪರದೆಯ ಮೇಲೆ ಅನುಕರಿಸುವ ಫೆಟ್ ಸಿಮ್ಯುಲೇಶನ್‌ಗಳು ಇದೇ ರೀತಿ ಉಪಯೋಗಕ್ಕೆ ಬರುತ್ತವೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತವಾಗಿದ್ದು, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಹೊಸ ಮಾದರಿಯವನ್ನು ಒಂದೊಂದು ಫೈಲಾಗಿ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ವಿದ್ಯುನ್ಮಂಡಲದ ಪಾಠದಲ್ಲಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿದಾಗ ಬೆಳಕು ಏನಾಗುತ್ತದೆ ಎಂಬ ಊಹೆಯನ್ನು ಬರೆಸಿ, ನಿಜವಾದ ಬ್ಯಾಟರಿ ಮತ್ತು ಬಲ್ಬಿನಿಂದ ಮಾಡಿ ನೋಡಿ, ಕೊನೆಗೆ ತಂತಿಯೊಳಗಿನ ಇಲೆಕ್ಟ್ರಾನುಗಳ ಚಲನೆಗಾಗಿ ಮಾತ್ರ ಸಿಮ್ಯುಲೇಶನ್ನಿಗೆ ಬರುವುದು ಸರಿಯಾದ ಕ್ರಮ. ನಿಜವಾದ ಬಲ್ಬು ಕೈಗೆ ಸಿಗುವಲ್ಲಿ ಪರದೆಯ ಬಲ್ಬನ್ನು ಮೊದಲು ತೋರಿಸಬಾರದು.

ಆಕಾಶದ ಪಾಠಗಳಿಗೆ ಸ್ಟೆಲೇರಿಯಂ ಎಂಬ ತಂತ್ರಾಂಶ ಇದೆ. ಎಫ್6 ಒತ್ತಿ ಸ್ಥಳವನ್ನು ಕಾಸರಗೋಡಿಗೆ, ಅಂದರೆ ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿ; ಎಫ್5 ಒತ್ತಿ ದಿನಾಂಕವನ್ನು 2019ರ ಡಿಸೆಂಬರ್ 26ಕ್ಕೆ, ಸಮಯವನ್ನು ಬೆಳಿಗ್ಗೆ ಎಂಟಕ್ಕೆ ತನ್ನಿ. ಅಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಸೂರ್ಯಗ್ರಹಣವನ್ನು ನೋಡಲು ದೂರದೂರುಗಳಿಂದ ಜನ ಬಂದಿದ್ದರು. ಎಲ್ ಕೀಲಿಯಿಂದ ಕಾಲವನ್ನು ವೇಗವಾಗಿ ಓಡಿಸಿ, ಒಂಬತ್ತು ಗಂಟೆ ಕಳೆದ ಮೇಲೆ ಕೆ ಕೀಲಿಯಿಂದ ಸಹಜ ವೇಗಕ್ಕೆ ತಂದರೆ ಬಳೆಯಾಕಾರ ಮೂಡುವುದನ್ನು ಮಕ್ಕಳು ತಮ್ಮದೇ ಊರಿನ ಆಕಾಶದಲ್ಲಿ ನೋಡಬಹುದು. ಬೇರೆ ಯಾವುದೋ ದೇಶದ ಗ್ರಹಣದ ವೀಡಿಯೊ ಇಷ್ಟು ಕುತೂಹಲ ಹುಟ್ಟಿಸುವುದನ್ನು ನಾನು ಕಂಡಿಲ್ಲ.

ಸಾಮಗ್ರಿಯನ್ನು ಕನ್ನಡಕ್ಕೆ ತರುವುದು

ಇದು ನಮ್ಮ ಜಿಲ್ಲೆಯ ಕನ್ನಡ ಅಧ್ಯಾಪಕರ ಮೇಲೆ ಹೆಚ್ಚುವರಿಯಾಗಿ ಬೀಳುವ ಹೊರೆ. ಒಮ್ಮೆ ನಾನು ಭಾಗವಹಿಸಿದ ತರಬೇತಿಯಲ್ಲಿ ಕೈಪಿಡಿ ಮಲಯಾಳದಲ್ಲಷ್ಟೇ ಇತ್ತು; ಕನ್ನಡದ ಪ್ರತಿ ಬರುವಷ್ಟರಲ್ಲಿ ಆ ಪಾಠವೇ ಮುಗಿದಿತ್ತು. ಇದು ನ್ಯಾಯವಲ್ಲ ಎಂದು ಸಭೆಗಳಲ್ಲಿ ಹೇಳುತ್ತಲೇ ಇರಬೇಕು. ಆದರೆ ನಮ್ಮ ಮುಂದೆ ಕುಳಿತಿರುವ ಮಕ್ಕಳಿಗೆ ಈ ವರ್ಷದ ಪಾಠ ಈ ವರ್ಷವೇ ಆಗಬೇಕು.

ಮೊದಲಿಗೆ ಕೈಟ್ ಸಂಸ್ಥೆಯ ಸಮಗ್ರ ಎಂಬ ಪೋರ್ಟಲಿನಲ್ಲಿ ಕನ್ನಡ ಮಾಧ್ಯಮವನ್ನು ಆರಿಸಿ ಪಠ್ಯಪುಸ್ತಕ ಮತ್ತು ಇತರ ಸಾಮಗ್ರಿಯನ್ನು ನೋಡಿ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು ವಿಕ್ಟರ್ಸ್ ಎಂಬ ಶೈಕ್ಷಣಿಕ ಟಿವಿ ವಾಹಿನಿಯಲ್ಲಿ ಫಸ್ಟ್ ಬೆಲ್ ಎಂಬ ತರಗತಿಗಳು ಆರಂಭವಾದ ಬಳಿಕ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಅವುಗಳಲ್ಲಿ ಹಲವು ಯೂಟ್ಯೂಬಿನಲ್ಲಿ ಸಿಗುತ್ತವೆ. ಆದರೆ ಕೇರಳದ ಪಠ್ಯಪುಸ್ತಕಗಳು 2024ರಲ್ಲಿ ಮತ್ತು 2025ರಲ್ಲಿ ಬದಲಾಗಿರುವುದರಿಂದ ಹಳೆಯ ಪಾಠವನ್ನು ಪೂರ್ತಿಯಾಗಿ ಹಾಕದೆ, ಹೊಸ ಪುಸ್ತಕಕ್ಕೆ ಹೊಂದುವ ನಾಲ್ಕೈದು ನಿಮಿಷಗಳ ಭಾಗವನ್ನು ಗುರುತಿಸಿಟ್ಟುಕೊಳ್ಳಬೇಕು.

ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಳ್ಳೆಯ ವೀಡಿಯೊ ಸಿಕ್ಕಿದರೆ ಅದರ ಧ್ವನಿಯನ್ನು ನಿಲ್ಲಿಸಿ, ಚಿತ್ರ ಓಡುತ್ತಿರುವಾಗ ನೀವೇ ಕನ್ನಡದಲ್ಲಿ ವಿವರಿಸುವುದು ಅತ್ಯಂತ ಸುಲಭವಾದ ದಾರಿ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಪ್ರಶ್ನಿಸಬಹುದು. ಪ್ರತಿ ವರ್ಷ ಬಳಸುವಂತಹದ್ದಾದರೆ ನಿಮ್ಮ ವಿವರಣೆಯನ್ನು ಅಡಾಸಿಟಿ ಎಂಬ ಉಚಿತ ಧ್ವನಿ ತಂತ್ರಾಂಶದಲ್ಲಿ ದಾಖಲಿಸಿ, ಓಪನ್‌ಶಾಟ್ ಎಂಬ ವೀಡಿಯೊ ತಂತ್ರಾಂಶದಲ್ಲಿ ಚಿತ್ರದೊಂದಿಗೆ ಜೋಡಿಸಿಕೊಳ್ಳಿ. ಬೇರೆಯವರ ವೀಡಿಯೊವನ್ನು ಹೀಗೆ ಮಾಡಿ ಸಾರ್ವಜನಿಕವಾಗಿ ಏರಿಸಬಾರದು. ಅದು ನಿಮ್ಮ ತರಗತಿಯ ಒಳಗೇ ಇರಲಿ.

ಕನ್ನಡ ಟೈಪಿಂಗನ್ನು ಕಲಿಯದೆ ಈ ಕೆಲಸ ಮುಂದುವರಿಯುವುದಿಲ್ಲ. ಶಾಲೆಯ ಲ್ಯಾಪ್‌ಟಾಪಿನಲ್ಲಿರುವ ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸುವಾಗ ಸಾಮಾನ್ಯ ಕನ್ನಡದೊಂದಿಗೆ ಕಗಪ ವಿನ್ಯಾಸವೂ ಕಾಣುತ್ತದೆ. ಮೊದಲಿನದು ಇನ್‌ಸ್ಕ್ರಿಪ್ಟ್, ಎರಡನೆಯದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ಎಂಬ ಕನ್ನಡ ತಂತ್ರಾಂಶವನ್ನು ಬಳಸಿದವರಿಗೆ ಪರಿಚಿತವಾದದ್ದು. ಒತ್ತಕ್ಷರ ಬರಬೇಕಾದಲ್ಲಿ ಕಗಪದಲ್ಲಿ ಎಫ್ ಕೀಲಿಯನ್ನು, ಇನ್‌ಸ್ಕ್ರಿಪ್ಟಿನಲ್ಲಿ ಡಿ ಕೀಲಿಯನ್ನು ನಡುವೆ ಒತ್ತಬೇಕು. ಕಗಪದಲ್ಲಿ ಎ, ಕೆ, ಎಫ್, ಕೆ ಎಂದು ಒತ್ತಿದರೆ "ಅಕ್ಕ" ಬರುತ್ತದೆ. ಒಂದು ವಿನ್ಯಾಸವನ್ನು ಹಿಡಿದು ದಿನಕ್ಕೆ ಕಾಲು ಗಂಟೆಯಂತೆ ಒಂದು ತಿಂಗಳು ಅಭ್ಯಾಸ ಮಾಡಿದರೆ ಪ್ರಶ್ನೆಪತ್ರಿಕೆಯನ್ನು ತಾವೇ ಟೈಪು ಮಾಡುವಷ್ಟು ಕೈ ಪಳಗುತ್ತದೆ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಉಳಿಸಿಟ್ಟ ಪ್ರಶ್ನೆಪತ್ರಿಕೆಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲು ಕೆಟ್ಟಿದೆ ಎಂದು ಅಳಿಸಬೇಡಿ. ಅವನ್ನು ಯಾವ ಯಂತ್ರದಲ್ಲೂ ಓದಬಹುದಾದ ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್ನೆಟ್ಟಿನಲ್ಲಿವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿದರೆ ಹತ್ತು ವರ್ಷಗಳ ಶ್ರಮ ಉಳಿಯುತ್ತದೆ.

ಯಂತ್ರಾನುವಾದದ ಬಗ್ಗೆ ಎಚ್ಚರ ಬೇಕು. ವಿದ್ಯುತ್ತಿನ ಪಾಠದಲ್ಲಿ "ಕರೆಂಟ್" ಎಂಬುದನ್ನು ಅದು "ಪ್ರಸ್ತುತ" ಎಂದು ಕೊಡಬಹುದು, ಜೀವಶಾಸ್ತ್ರದ "ಸೆಲ್" ಎಂಬುದು ಬ್ಯಾಟರಿಯ ಸೆಲ್ಲೇ ಆಗಿ ಉಳಿಯಬಹುದು. ಎಐ ಚಾಟ್‌ಬಾಟ್‌ಗಳೂ ಸರಾಗವಾದ ಕನ್ನಡದಲ್ಲಿ ತಪ್ಪು ಪಾರಿಭಾಷಿಕ ಪದವನ್ನು, ಕೆಲವೊಮ್ಮೆ ತಪ್ಪು ಸಂಗತಿಯನ್ನೇ ಬರೆದುಕೊಡುತ್ತವೆ. ನಾನು ಅವುಗಳಿಂದ ಪ್ರಶ್ನೆಗಳ ಕರಡನ್ನು ಮಾತ್ರ ಪಡೆಯುತ್ತೇನೆ. ಪ್ರತಿಯೊಂದು ಪದವನ್ನೂ ಪಠ್ಯಪುಸ್ತಕದೊಂದಿಗೆ ಹೋಲಿಸಿ ತಿದ್ದದೆ ತರಗತಿಗೆ ತರುವುದಿಲ್ಲ. ಇದಕ್ಕಾಗಿ ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಮೂರು ಕಾಲಂಗಳ ಒಂದು ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ: ನಮ್ಮ ಪುಸ್ತಕದ ಕನ್ನಡ ಪದ, ಮಲಯಾಳ ಪುಸ್ತಕದ ಪದ, ಇಂಗ್ಲಿಷ್ ಪದ. ಮುಂದೆ ಹೈಯರ್ ಸೆಕೆಂಡರಿಯಲ್ಲಿ ಇಂಗ್ಲಿಷಿನಲ್ಲಿ ಓದಬೇಕಾದ ಮಕ್ಕಳಿಗೂ ಈ ಪಟ್ಟಿಯ ಮುದ್ರಿತ ಪ್ರತಿ ಬಹಳ ಆಸರೆಯಾಗಿದೆ.

ಓದಿನ ಧ್ವನಿಯನ್ನು ಕಣ್ಣಿಗೆ ಕಾಣಿಸುವುದು

ಇಲ್ಲಿನ ಕನ್ನಡ ತರಗತಿಯಲ್ಲಿ ಮನೆಮಾತು ಕನ್ನಡವಾಗಿರುವ ಮಕ್ಕಳು ಕೆಲವರೇ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ, ಹೀಗೆ ಒಂದೊಂದು ಬೆಂಚಿನಲ್ಲಿ ಒಂದೊಂದು ಮಾತು. ಬರೆವಣಿಗೆಯ ಕನ್ನಡ ಇವರಲ್ಲಿ ಹಲವರಿಗೆ ಶಾಲೆಯಲ್ಲಿ ಮಾತ್ರ ಸಿಗುವ ಭಾಷೆ. ಇದಕ್ಕೆ ನನಗೆ ಅತಿ ಹೆಚ್ಚು ಫಲ ಕೊಟ್ಟ ಸಾಧನ ಮೇಲೆ ಹೇಳಿದ ಅಡಾಸಿಟಿ.

ಜೂನ್ ತಿಂಗಳಲ್ಲಿ ಒಂದೊಂದು ಮಗುವನ್ನೂ ಬಿಡುವಿನಲ್ಲಿ ಲ್ಯಾಬಿಗೆ ಕರೆದು, ಪಠ್ಯಪುಸ್ತಕದ ಎಂಟು ಹತ್ತು ಸಾಲುಗಳನ್ನು ಓದಿಸಿ ದಾಖಲಿಸಿಕೊಳ್ಳುತ್ತೇನೆ. ಧ್ವನಿ ಇರುವಲ್ಲಿ ತೆರೆಯಲ್ಲಿ ಅಲೆಗಳು ಏಳುತ್ತವೆ, ಮಗು ತಡೆದು ನಿಂತಲ್ಲಿ ಗೆರೆ ಮಟ್ಟಸವಾಗುತ್ತದೆ. ಆ ಮಟ್ಟಸ ಗೆರೆ ಎಲ್ಲಿದೆ, ಅಲ್ಲಿ ಯಾವ ಪದವಿತ್ತು ಎಂದು ಮಗುವೇ ಹುಡುಕಬೇಕು. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ತನ್ನ ಓದಿನಲ್ಲಿ ಉದ್ದನೆಯ ಮಟ್ಟಸ ಗೆರೆಗಳೆಲ್ಲ ಎರಡೆರಡು ಒತ್ತುಗಳಿರುವ "ರಾಷ್ಟ್ರ", "ಶಾಸ್ತ್ರ"ದಂತಹ ಪದಗಳ ಮುಂದೆಯೇ ಇವೆ ಎಂದು ತಾನಾಗಿ ಕಂಡುಕೊಂಡಳು. ಅವಳಿಗೆ ಇಡೀ ಪಾಠವನ್ನು ಹತ್ತು ಸಲ ಓದಿಸುವ ಬದಲು ಅಂತಹ ಇಪ್ಪತ್ತು ಪದಗಳ ಚೀಟಿ ಕೊಟ್ಟೆ. ಆಗಸ್ಟ್ ತಿಂಗಳಲ್ಲಿ ಅದೇ ಸಾಲುಗಳನ್ನು ಪುನಃ ದಾಖಲಿಸಿ, ಹಳೆಯ ಫೈಲನ್ನು ಹೊಸದರ ಕೆಳಗೆ ಆಮದು ಮಾಡಿ ಎರಡನ್ನೂ ಒಟ್ಟಿಗೆ ತೋರಿಸಿದಾಗ, ಅವಳು ಮಾತಿಲ್ಲದೆ ಆ ಎರಡು ಗೆರೆಗಳನ್ನು ಬೆರಳಿನಿಂದ ಸವರಿದಳು.

ಮಹಾಪ್ರಾಣದ ಉಚ್ಚಾರಕ್ಕೂ ಇದೇ ದಾರಿ. "ದನ" ಮತ್ತು "ಧನ" ಎಂಬ ಜೋಡಿಗಳನ್ನು ನಿಮ್ಮ ಧ್ವನಿಯಲ್ಲಿ ದಾಖಲಿಸಿಟ್ಟು, ಮಗು ತನ್ನದನ್ನು ಅದರೊಂದಿಗೆ ಹೋಲಿಸಿ ಕೇಳುವಂತೆ ಮಾಡಬಹುದು. ಆದರೆ ಒಂದು ಮಗುವಿನ ತಡವರಿಕೆಯ ಓದನ್ನು ಇಡೀ ತರಗತಿಯ ಮುಂದೆ ಎಂದೂ ನುಡಿಸಬಾರದು. ಮನೆಮಾತಿನ ಛಾಯೆಯನ್ನು ದೋಷವೆಂದು ಕರೆಯಲೂಬಾರದು; ಆ ಮಗುವಿಗೆ ನಮಗಿಂತ ಒಂದು ಭಾಷೆ ಹೆಚ್ಚು ಗೊತ್ತಿರುತ್ತದೆ.

ಕಲಿತರೋ ಇಲ್ಲವೋ ತಿಳಿಯುವುದು

ಕೇರಳದ ಶಾಲೆಗಳಿಗೆ ಮಕ್ಕಳು ಫೋನು ತರುವಂತಿಲ್ಲ, ಆದ್ದರಿಂದ ಪ್ರತಿ ಮಗುವಿನ ಕೈಯಲ್ಲೂ ಸಾಧನ ಬೇಕಾಗುವ ಕ್ವಿಜ್‌ಗಳು ನಮಗೆ ಒದಗುವುದಿಲ್ಲ. ಪ್ಲಿಕರ್ಸ್ ಎಂಬ ಕ್ವಿಜ್ ಆ್ಯಪಿನಲ್ಲಿ ಮಕ್ಕಳ ಕೈಯಲ್ಲಿ ಮುದ್ರಿತ ಕಾಗದದ ಕಾರ್ಡು ಮಾತ್ರ ಇರುತ್ತದೆ. ಯಾವ ಬದಿ ಮೇಲೆ ಹಿಡಿಯುತ್ತಾರೋ ಅದೇ ಉತ್ತರ, ಅಧ್ಯಾಪಕರು ತಮ್ಮ ಒಂದೇ ಫೋನಿನ ಕ್ಯಾಮರಾದಿಂದ ಎಲ್ಲರ ಉತ್ತರವನ್ನೂ ಓದಿಕೊಳ್ಳುತ್ತಾರೆ. ಇಂಟರ್ನೆಟ್ ಕೈಕೊಡುವ ಕಡೆ ನಾಲ್ಕು ಬಣ್ಣದ ಕಾಗದದ ತುಂಡುಗಳು ಅದೇ ಕೆಲಸ ಮಾಡುತ್ತವೆ.

ಬರಹದ ಸಣ್ಣ ಪರೀಕ್ಷೆಯಾದರೆ ಕ್ಯಾಲ್ಕಿನಲ್ಲಿ ಮಕ್ಕಳ ಹೆಸರನ್ನು ಅಡ್ಡಸಾಲುಗಳಲ್ಲಿ, ಪ್ರಶ್ನೆಗಳನ್ನು ಕಾಲಂಗಳಲ್ಲಿ ಇಟ್ಟು, ಸರಿಗೆ ಒಂದು, ತಪ್ಪಿಗೆ ಸೊನ್ನೆ ತುಂಬಿ. ಮಕ್ಕಳ ಒಟ್ಟು ಅಂಕವನ್ನು ಎಲ್ಲರೂ ನೋಡುತ್ತಾರೆ. ನೀವು ಕಾಲಂಗಳ ಮೊತ್ತವನ್ನು ನೋಡಿ. ಬಹಳ ಕಡಿಮೆ ಮೊತ್ತ ಬಂದ ಪ್ರಶ್ನೆಯನ್ನು ನಾವು ಸರಿಯಾಗಿ ಕಲಿಸಿಲ್ಲ, ಅಥವಾ ಸರಿಯಾಗಿ ಕೇಳಿಲ್ಲ. ಮುಂದಿನ ವರ್ಷ ಪಠ್ಯಪುಸ್ತಕದ ಅಂಚಿಗೆ ಹೋಗಬೇಕಾದ ಪೆನ್ಸಿಲಿನ ಗುರುತು ಅದೇ.

ಮಳೆ, ಕರೆಂಟು, ಹಿಂದಿನ ಬೆಂಚು

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್, ಜುಲೈ ತಿಂಗಳುಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಸ್ಪೀಕರಿನ ಶಬ್ದ ಮೂರನೆಯ ಬೆಂಚಿಗೂ ತಲಪುವುದಿಲ್ಲ. ಆ ತಿಂಗಳುಗಳ ಪಾಠಕ್ಕೆ ಧ್ವನಿಯನ್ನು ನಂಬದೆ, ಚಿತ್ರ ಮತ್ತು ದೊಡ್ಡ ಅಕ್ಷರದ ಬರಹವನ್ನೇ ಆರಿಸಿಕೊಳ್ಳಬೇಕು. ಬೇಕಾದುದೆಲ್ಲವನ್ನೂ ಹಿಂದಿನ ದಿನವೇ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿಯೂ ಪೆನ್‌ಡ್ರೈವಿನಲ್ಲಿಯೂ ಇಡಬೇಕು. ಕರೆಂಟು ಹೋದರೆ ಪ್ರೊಜೆಕ್ಟರ್ ನಿಂತರೂ ಲ್ಯಾಪ್‌ಟಾಪಿನ ಬ್ಯಾಟರಿ ಸ್ವಲ್ಪ ಹೊತ್ತು ಇರುತ್ತದೆ. ಎಂಟೆಂಟು ಮಕ್ಕಳ ಗುಂಪು ಸರದಿಯಂತೆ ಅದರ ಸುತ್ತ ನಿಂತು ನೋಡುವಾಗ ಉಳಿದವರಿಗೆ ಊಹೆ ಬರೆಯುವ ಕೆಲಸ ಕೊಡಬಹುದು. ಅಕ್ಟೋಬರ್, ನವೆಂಬರ್ ತಿಂಗಳ ಗುಡುಗುಮಳೆಯಲ್ಲಿ ಸಂಜೆ ಮನೆಗೆ ಹೊರಡುವ ಮುನ್ನ ವಿದ್ಯುತ್ತಿನ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಸ್ವಿಚ್ಚು ಆರಿಸಿದರೆ ಮಾತ್ರ ಸಾಲದು.

ಅಕ್ಷರದ ಗಾತ್ರದ ಕುರಿತು ಕನ್ನಡಕ್ಕೆ ಸೇರಿದ ಒಂದು ವಿಶೇಷವಿದೆ. ನಮ್ಮ ಒತ್ತುಗಳು ಅಕ್ಷರದ ಕೆಳಗೆ ಚಿಕ್ಕದಾಗಿ ಕೂರುವುದರಿಂದ, ಇಂಗ್ಲಿಷಿಗೆ ಸಾಕಾಗುವ ಗಾತ್ರದಲ್ಲಿ ಕನ್ನಡದ ಒತ್ತು ಹಿಂದಿನ ಬೆಂಚಿಗೆ ಕರಗಿ ಹೋಗುತ್ತದೆ. ಸ್ಲೈಡಿನಲ್ಲಿ 32 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ, ಸಾಲುಗಳ ನಡುವೆ ಜಾಗ ಹೆಚ್ಚಿಸಿ, ಒಂದು ಸ್ಲೈಡಿನಲ್ಲಿ ಐದಾರು ಸಾಲುಗಳಿಗಿಂತ ಹೆಚ್ಚು ಬರೆಯಬೇಡಿ. ಎರಡೂ ಬದಿ ಕಿಟಕಿಗಳಿರುವ ಕೊಠಡಿಯಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ಚೆನ್ನಾಗಿ ಕಾಣುತ್ತದೆ. ಮೊದಲ ದಿನ ನೀವೇ ಕೊನೆಯ ಬೆಂಚಿನಲ್ಲಿ ಕುಳಿತು ಓದಿ ನೋಡಿ.

ಹೆತ್ತವರ ಫೋನು

ಮನೆಗೆ ಕಳುಹಿಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕೋವಿಡ್ ಕಾಲದಲ್ಲಿ ಮೂವರು ಮಕ್ಕಳಿಗೆ ಒಂದೇ ಫೋನು ಇದ್ದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಫೋನಿಲ್ಲದೆ ಮಾಡಲಾಗದ ಮನೆಕೆಲಸವನ್ನು ಕೊಡಬಾರದು. ಹೆತ್ತವರ ವಾಟ್ಸಾಪ್ ಗುಂಪಿಗೆ ಉದ್ದನೆಯ ಕನ್ನಡ ಬರಹಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ, ಸಾಧ್ಯವಾದರೆ ತುಳುವಿನಲ್ಲೋ ಮಲಯಾಳದಲ್ಲೋ, ಹೆಚ್ಚು ಜನರನ್ನು ಮುಟ್ಟುತ್ತದೆ. ಮಕ್ಕಳ ಮುಖ, ಅಂಕ, ಓದಿನ ಧ್ವನಿಗಳನ್ನು ಅಲ್ಲಿ ಹಂಚಬಾರದು.

ಮಕ್ಕಳೇ ತಯಾರಿಸುವ ಸಾಮಗ್ರಿ

ಕನ್ನಡದಲ್ಲಿ ಸಾಮಗ್ರಿ ಕಡಿಮೆ ಎಂಬ ಕೊರತೆಗೆ ಮಕ್ಕಳಿಂದಲೇ ಒಂದಿಷ್ಟು ಪರಿಹಾರ ದೊರೆಯುತ್ತದೆ. ಹೈಸ್ಕೂಲುಗಳಲ್ಲಿ 2018ರಿಂದ ಇರುವ ಲಿಟಲ್ ಕೈಟ್ಸ್ ಕ್ಲಬ್ಬಿನ ಮಕ್ಕಳಿಗೆ ಚಿತ್ರೀಕರಣ, ಆನಿಮೇಶನ್, ಕನ್ನಡ ಟೈಪಿಂಗ್ ಮುಂತಾದವುಗಳ ಪರಿಚಯ ಇರುತ್ತದೆ. ಅವರನ್ನು ಸಮಾಜ ವಿಜ್ಞಾನದ ಪಾಠಕ್ಕೆ ಜೋಡಿಸಿಕೊಳ್ಳಿ.

ನಮ್ಮ ಗುಡ್ಡಗಳ ಸುರಂಗಗಳನ್ನು ತೆಗೆದುಕೊಳ್ಳೋಣ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಹೊರಗೆ ಹರಿಸುವ ಈ ವ್ಯವಸ್ಥೆ ಎಣ್ಮಕಜೆ, ಪೈವಳಿಕೆ, ಬದಿಯಡ್ಕ ಕಡೆಯ ಹಲವು ಮಕ್ಕಳ ಮನೆಯಂಗಳದಲ್ಲೇ ಇದೆ. ಸುರಂಗ ಕೊರೆದ ಅಜ್ಜನೊಬ್ಬರನ್ನು ಮಾತನಾಡಿಸುವ ಕೆಲಸವನ್ನು ನಾಲ್ಕು ಮಕ್ಕಳ ಗುಂಪಿಗೆ ಕೊಡಿ. ಪ್ರಶ್ನೆಗಳನ್ನು ಮೊದಲೇ ತರಗತಿಯಲ್ಲಿ ಬರೆದು ತಿದ್ದಿರಬೇಕು: ಜಾಗವನ್ನು ಹೇಗೆ ಆರಿಸಿದಿರಿ, ಒಳಗೆ ಬೆಳಕಿಗೆ ಏನು ಮಾಡುತ್ತಿದ್ದಿರಿ, ದಿಕ್ಕು ತಪ್ಪದಂತೆ ಹೇಗೆ ನೋಡಿಕೊಂಡಿರಿ? ದಾಖಲಿಸುವ ಮುನ್ನ ಅವರ ಒಪ್ಪಿಗೆಯನ್ನು ಕೇಳುವುದನ್ನೂ ಮಕ್ಕಳಿಗೆ ಕಲಿಸಬೇಕು. ಅಜ್ಜ ತುಳುವಿನಲ್ಲಿ ಮಾತನಾಡಿದರೆ ತುಳುವಿನಲ್ಲೇ ದಾಖಲಾಗಲಿ. ಆಮೇಲೆ ತರಗತಿಯಲ್ಲಿ ಸ್ವಲ್ಪ ಸ್ವಲ್ಪವೇ ಕೇಳುತ್ತಾ ಅದನ್ನು ಬರೆವಣಿಗೆಯ ಕನ್ನಡಕ್ಕೆ ತರುವ ಕೆಲಸದಲ್ಲಿ ಎರಡು ಭಾಷೆಗಳ ಪಾಠವೂ ನಡೆಯುತ್ತದೆ. ಗುದ್ದಲಿಯ ಬಗೆಗಳಿಗೆ, ಮಣ್ಣಿನ ಪದರಗಳಿಗೆ ಅವರು ಬಳಸುವ ತುಳು ಪದಗಳನ್ನು ಹಾಗೆಯೇ ಉಳಿಸಿ, ಅರ್ಥವನ್ನು ಪಕ್ಕದಲ್ಲಿ ಬರೆಸಿ. ತುಳು ವಿಕಿಪೀಡಿಯ 2016ರಿಂದ ಇದೆ. ಅಧ್ಯಾಪಕರು ಪರಿಶೀಲಿಸಿದ ಬರಹವನ್ನು, ಪ್ರಕಟಿತ ಆಧಾರಗಳು ದೊರೆತಲ್ಲಿ, ಅಲ್ಲಿಗೂ ಕನ್ನಡ ವಿಕಿಪೀಡಿಯಕ್ಕೂ ಸೇರಿಸಬಹುದು.

ಸುರಂಗದ ಸ್ಥಳವನ್ನು ಅಧ್ಯಾಪಕರ ಫೋನಿನ ಜಿಪಿಎಸ್‌ನಿಂದ ಅದರ ಬಾಯಿಯ ಬಳಿ ನಿಂತು ಗುರುತಿಸಿದರೆ ಸಾಕು. ಮಕ್ಕಳು ಯಾವ ಕಾರಣಕ್ಕೂ ಒಳಗೆ ಹೋಗಬಾರದು. ಮಣ್ಣು ಕುಸಿಯುವ ಭಯವಿದೆ, ಗಾಳಿಯೂ ಕಡಿಮೆ. ಒಳಗಿನ ಉದ್ದವನ್ನು ಮನೆಯವರಿಂದ ಕೇಳಿ ಬರೆದುಕೊಳ್ಳಲಿ. ದಾಖಲಿಸಿದ ಪ್ರತಿಯೊಂದು ಫೈಲಿಗೂ ಅದೇ ದಿನ ಸಂಜೆ ಊರು, ತಾರೀಕು, ಮಾತನಾಡಿದವರು ಯಾರೆಂದು ತಿಳಿಯುವ ಹೆಸರನ್ನು ಕನ್ನಡದಲ್ಲೇ ಕೊಟ್ಟು, ಒಂದು ಪ್ರತಿಯನ್ನು ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟು, ಮೂರನೆಯದನ್ನು ಆ ಅಜ್ಜನ ಮನೆಗೆ ತಲಪಿಸಿ.